ಲಾಲಸಾಬನ ಬೆನ್ನ ಹಿಂದೆ

ನಾನು ಕೂಗಲಿಲ್ಲ, ಶಮೀಮಾ. ಕೂಗಲೇಬೇಕಾದ ಹೊತ್ತಿನಲ್ಲಿ ಒಂದು ಸಲವೂ ಕೂಗಲಿಲ್ಲ. ಕೂಗಿದೆ ಎಂದು ನಿನ್ನ ಅಬ್ಬಾನಿಗೆ ಹೇಳಿದ್ದು ಸುಳ್ಳು. ಆ ಸುಳ್ಳನ್ನು ಅವನು ನಂಬಿದ, ನಂಬಿ ತನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡ. ಅವನ ಹಿಂದೆ ಇಡೀ ಓಣಿ ಹಾಗೆಯೇ ಎಂದುಕೊಂಡಿತು, ನೀನು ಹುಟ್ಟಿದ ಮೇಲೆ ನೀನೂ ಎಂದುಕೊಂಡೆ. ಇಷ್ಟೇ ವಿಷಯ. ಇಷ್ಟನ್ನು ಹೇಳುವುದಕ್ಕೆ ನನಗೆ ನಿನ್ನ ವಯಸ್ಸಿಗಿಂತ ಹೆಚ್ಚು ಕಾಲ ಬೇಕಾಯಿತೆಂದರೆ — ಥೂ, ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಹೋದ ಭಾನುವಾರ ಶಹಾಬಾದಿಗೆ, ನಿಮ್ಮ ಮನೆಗೆ ಬಂದಿದ್ದೆನಲ್ಲ. ನೀನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಪಕ್ಕದಲ್ಲೇ ಕುಳಿತ ನನಗೆ ಮೆಲ್ಲಗೆ ಹೇಳಿದೆ — "ಕಾಕಾ, ಸಾಲಿ ಪಗಾರ ಬಂದದ. ಮುಂದಿನ ವಾರ ಸೋಮಾರ ಅಬ್ಬಾಗ ಗುಲಬರ್ಗಾಕ್ಕ ಕರ್ಕೊಂಡ್ ಹೊಂಟೀನಿ. ಕಿವಿಗಿ ಮಷೀನ್ ಹಾಕಸ್ತೀನಿ. ಅವ್ರಿಗಿ ಈಗೇ ಹೇಳಬ್ಯಾಡ್ರಿ." ಹಿತ್ತಲಿನ ಬೇವಿನ ಗಿಡದ ಕೆಳಗೆ, ಆ ಗಾಳಿಯಲ್ಲಿ ಬೀಡಿ ಹಚ್ಚಲು ಒದ್ದಾಡುತ್ತ ಕುಳಿತಿದ್ದ ನಿನ್ನ ಅಬ್ಬಾ ಅಲ್ಲಿಂದಲೇ ಜೋರಾಗಿ ಅಂದ — "ನಂಗ್ಯಾಕ ಬೇಟಾ ಮಷೀನು? ನೀ ಒಂದ್ ಸೈಕಲ್ ತಗೋ. ಅಷ್ಟು ದೂರ ಸಾಲಿಗಿ ನಡ್ಕೋತ ಹೋಗ್ತಿ." ನೀನು ನಕ್ಕು, ಗಂಟಲು ಹರಿಯುವಂತೆ ಕೂಗಿ ಅವನಿಗೆ ಉತ್ತರ ಕೊಟ್ಟೆ. ಒಲೆಯ ಮುಂದೆ ಪಿಸುಗುಟ್ಟಿದ ಮಾತು ಹಿತ್ತಲಿನವನಿಗೆ ಹೇಗೆ ಕೇಳಿಸಿತು ಎಂದು ನಿನಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಅಬ್ಬಾನಿಗೆ ಕಿವಿ ಕೇಳುವುದಿಲ್ಲ ಎನ್ನುವುದನ್ನು ನೀನು ಮಾತು ಕಲಿಯುವುದರ ಜೊತೆಗೇ ಕಲಿತವಳು. ಅವನಿಗೂ ಹೊಳೆಯಲಿಲ್ಲ — ಇವತ್ತು ಗಾಳಿ ತನ್ನ ಕಡೆಗೇ ಬೀಸಿತು ಎಂದುಕೊಂಡಿರುತ್ತಾನೆ. ಹೊಳೆದದ್ದು ನನಗೆ ಒಬ್ಬನಿಗೆ. ಬಸಿಯಲ್ಲಿದ್ದ ಚಹಾ ಹಾಗೆಯೇ ಬಿಟ್ಟು, ವಾಡಿಯಲ್ಲಿ ಕೆಲಸ ಇದೆ ಎಂದು ಹೇಳಿ ಎದ್ದು ಬಂದೆ. ನನಗೆ ಯಾವ ಕೆಲಸವೂ ಇರಲಿಲ್ಲ.

ನಿನಗೆ ಗಣಿಯ ಕೆಲಸ ಗೊತ್ತಿಲ್ಲ. ನಿನ್ನ ಅಬ್ಬಾ ನಿನ್ನನ್ನು ಆ ಕಡೆ ಸುಳಿಯಗೊಡಲಿಲ್ಲ. ಅದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಾನೂ ನಿನ್ನ ಅಬ್ಬಾ ಲಾಲಸಾಬನೂ ಮೀಸೆ ಮೂಡುವ ಮೊದಲಿನಿಂದ ಭಂಕೂರದ ಹತ್ತಿರ, ನೆಲಕ್ಕೆ ಹಾಸುವ ಫರ್ಶಿಕಲ್ಲಿನ ಒಂದು ಗಣಿಯಲ್ಲಿ ಇದ್ದವರು. ನಾವಿಬ್ಬರು ಜೋಡಿ. ಜೋಡಿ ಎಂದರೆ ಉದ್ದನೆಯ ಕಲ್ಲನ್ನು ಒಟ್ಟಿಗೆ ಹೊರುವವರು — ಒಬ್ಬ ಮುಂದೆ, ಒಬ್ಬ ಹಿಂದೆ, ಇಬ್ಬರ ಹೆಗಲ ಮೇಲೆ ಒಂದೇ ಕಲ್ಲು, ಗುಂಡಿಯಿಂದ ಲಾರಿಯ ತನಕ. ಮುಂದಿನವನಿಗೆ ಕಷ್ಟ ಹೆಚ್ಚು. ದಾರಿ ನೋಡುವವನೂ ಅವನೇ, ಆಷಾಢದಲ್ಲಿ ಎದುರುಗಾಳಿಯನ್ನು ಎದೆಯ ಮೇಲೆ ತೆಗೆದುಕೊಳ್ಳುವವನೂ ಅವನೇ. ಅವನು ಹಿಂದೆ ತಿರುಗಿ ನೋಡುವ ಹಾಗಿಲ್ಲ. ತಿರುಗಿದರೆ ಹೆಗಲು ಹೊರಳಿ ಕಲ್ಲು ಜಾರುತ್ತದೆ, ಜಾರಿದ ಕಲ್ಲು ಯಾರದಾದರೂ ಕಾಲಿನ ಮೇಲೆಯೇ ಬೀಳುತ್ತದೆ. ಅವನಿಗೆ ದಣಿವಾದದ್ದು ಹಿಂದಿನವನಿಗೆ ಮಾತ್ರ ಕಾಣುತ್ತದೆ. ಮುಂದಿನವನ ಮೀನಖಂಡ ನಡುಗತೊಡಗಿದ ಕೂಡಲೇ ಹಿಂದಿನವನು "ಬದ್ಲಿ!" ಎಂದು ಕೂಗಬೇಕು. ಆಗ ಕಲ್ಲು ಇಳಿಸಿ, ಜಾಗ ಬದಲಿಸಿ, ಮತ್ತೆ ಎತ್ತಬೇಕು. ನಮ್ಮ ಮುಕಾದಮ ಭೀಮಶಾ ಹೊಸ ಜೋಡಿಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದ — "ಮುಂದಿನಂವ ಬದ್ಲಿ ಕೇಳಬಾರ್ದು. ಮೈಮ್ಯಾಲ ಭಾರ ಇದ್ದಾಗ ತನ್ನ ಕಾಲು ತನಗ ತಿಳ್ಯಂಗಿಲ್ಲ. ಹಿಂದಿನಂವ ತಡಾ ಮಾಡಬಾರ್ದು. ತಡಾ ಮಾಡ್ದಂವಗ ನನ್ನ ಗಣ್ಯಾಗ ಕೆಲ್ಸಿಲ್ಲ, ತಿಳ್ಕೋರಿ."

ನಾನು ಗಣಿಯಲ್ಲಿ ಒಮ್ಮೆಯೂ ತಡ ಮಾಡಿದವನಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಕಲ್ಲಿನ ಕೆಳಗೆ ನನ್ನ ಕಾಲೂ ಇರುತ್ತಿತ್ತಲ್ಲ, ಅದಕ್ಕೆ.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ವಾಡಿಯ ಕಡೆ ಒಂದು ಕಾರ್ಖಾನೆಗೆ ಆಟದ ಹುಚ್ಚಿನ ಒಬ್ಬ ಸಾಹೇಬ ಬಂದಿದ್ದ. ಬೇರೆ ಊರಿನ ಪಂದ್ಯಗಳಲ್ಲಿ ಕಾರ್ಖಾನೆಯ ಪರವಾಗಿ ಓಡುವ ಒಬ್ಬ ಆಳು ಅವನಿಗೆ ಬೇಕಿತ್ತು. ಡಂಗುರ ಸಾರಿಸಿದ: ದಂಡೋತಿಯ ಹೊಳೆಯ ದಂಡೆಯಿಂದ ಚಿತ್ತಾಪುರದ ಮೇಲೆ ಹಾದು ವಾಡಿಯ ತನಕ ಓಟ, ಮೊದಲು ಬಂದವನಿಗೆ ಕಾರ್ಖಾನೆಯಲ್ಲಿ ಖಾಯಂ ನೌಕರಿ. ಖಾಯಂ! ಆ ಮಾತು ನಮ್ಮ ಗಣಿಯಲ್ಲಿ ಯಾವ ಪರಿ ಓಡಾಡಿತು ಎಂದು ನಿನಗೆ ಹೇಗೆ ತಿಳಿಸಲಿ. ಮಳೆ ಹಿಡಿದರೆ ಗುಂಡಿಯಲ್ಲಿ ನೀರು ತುಂಬಿ ಕೆಲಸ ನಿಲ್ಲುತ್ತಿತ್ತು, ಬಿಸಿಲು ಹಿಡಿದರೆ ಕಲ್ಲು ಕೈ ಸುಡುತ್ತಿತ್ತು, ಮಧ್ಯವಯಸ್ಸಿಗೆ ಬಂದವರೆಲ್ಲ ಕೆಮ್ಮುತ್ತಿದ್ದರು. ಅಲ್ಲಿಂದ ಮೇಲೇಳುವ ಒಂದೇ ಒಂದು ಬಾಗಿಲು ತೆರೆದಿತ್ತು, ಅದು ಒಬ್ಬನಿಗೆ ಮಾತ್ರ ಸಾಲುವಷ್ಟು.

ಆ ಒಬ್ಬ ಲಾಲಸಾಬ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಲಾರಿಯ ಹಿಂದೆ ಓಡುತ್ತ ಶಹಾಬಾದಿಗೆ ಹೋಗುವವನು, ದುಡ್ಡು ಉಳಿಸುವುದಕ್ಕಲ್ಲ, ಸುಮ್ಮನೆ ಖುಷಿಗೆ. ಭೀಮಶಾನೇ ಅಂದಿದ್ದ — "ಲಾಲ್ಯಾ ಹ್ವಾದ ಅಂತ ತಿಳ್ಕೋರಿ. ನಂಗ ಹೊಸಾ ಆಳು ಹುಡುಕೂ ಕೆಲ್ಸ ಬಂತು." ನಾನೂ ಓಡುತ್ತಿದ್ದೆ, ಕೆಟ್ಟದಾಗೇನಲ್ಲ. ಆದರೆ ಅವನ ಜೊತೆ ಓಡಿದಾಗೆಲ್ಲ ಅವನ ಬೆನ್ನು ನೋಡುತ್ತಲೇ ಓಡಿದ್ದು. ಇದು ನನಗೆ ಮೊದಲು ಏನೂ ಅನಿಸುತ್ತಿರಲಿಲ್ಲ. ಖಾಯಂ ಎನ್ನುವ ಮಾತು ಕಿವಿಗೆ ಬಿದ್ದ ಮೇಲೆ ಆ ಬೆನ್ನು ಕಂಡರೆ ಸಿಡಿಮಿಡಿ ಶುರುವಾಯಿತು.

ಓಟ ಆಷಾಢದಲ್ಲಿ. ಸಾಹೇಬನಿಗೆ ನಮ್ಮ ಕಡೆಯ ಗಾಳಿ ಗೊತ್ತಿರಲಿಲ್ಲ. ದಂಡೋತಿಯಿಂದ ವಾಡಿಗೆ ಬರುವುದೆಂದರೆ ಪಡುವಣಕ್ಕೆ ಮುಖ ಮಾಡಿ ಬರುವುದು; ಗಾಳಿ ಬರುವುದೂ ಪಡುವಣದಿಂದಲೇ. ದಾರಿಯಲ್ಲಿ ನೆರಳಿಗೊಂದು ಗಿಡ, ಅದು ಬಿಟ್ಟರೆ ಎರಡೂ ಕಡೆ ಈಗಷ್ಟೇ ಮೊಳಕೆ ಬಂದ ತೊಗರಿಯ ಕರಿಹೊಲ. ತಡೆಯುವುದಕ್ಕೆ ಏನೂ ಇಲ್ಲ. ನಾನು ಹೆದರಿ ಕೈಬಿಡುವುದರಲ್ಲಿದ್ದೆ. ಉಪಾಯ ಹೇಳಿದವನು ನಿನ್ನ ಅಬ್ಬಾ. ಗಣಿಯ ಅಂಚಿನಲ್ಲಿ ರೊಟ್ಟಿ ಗಂಟು ಬಿಚ್ಚುತ್ತ ಅಂದ —

"ಕಲ್ಲು ಹೊತ್ತಂಗೇ ಓಡೋಣು, ಶರಣ್ಯಾ. ಮುಂದಿನಂವ ಗಾಳಿ ತಗೊಳ್ಳಿ, ಹಿಂದಿನಂವ ಕಾಲು ನೋಡ್ಲಿ. ಬದ್ಲಿ ಅಂದ್ರ ಬದ್ಲಿ. ವಾಡಿ ರೈಲ್ವೆ ಗೇಟ್ ತನಕ ನಾವು ಜೋಡಿ. ಗೇಟ್ ದಾಟಿದ್ ಮ್ಯಾಲ ಅವ್ರವ್ರ ನಸೀಬು."

ಮರುದಿನವೇ ಭಂಕೂರದ ರಸ್ತೆಯಲ್ಲಿ ಪರೀಕ್ಷೆ ಮಾಡಿದೆವು. ಅವನ ಬೆನ್ನಿಗೆ ಅಂಟಿಕೊಂಡಂತೆ ಓಡಿದರೆ — ಏನು ಹೇಳಲಿ, ಮನೆಯೊಳಗೆ ಬಂದು ಕದ ಹಾಕಿಕೊಂಡಂತೆ. ಗಾಳಿ ಇತ್ತು, ನನಗೆ ತಾಗುತ್ತಿರಲಿಲ್ಲ. ಅವನಿಗೆ ನನ್ನ ಸಹಾಯ ಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ. ಒಬ್ಬನೇ ಓಡಿದ್ದರೂ ಅವನು ಉಳಿದವರೆಲ್ಲರನ್ನೂ ಹಿಂದೆ ಹಾಕುತ್ತಿದ್ದ. ನಾನು ಓಡದೆ ಉಳಿಯಬಾರದು ಎಂದು ಹೇಳಿದ ಉಪಾಯ ಅದು. ಇದನ್ನು ನಾನು ಅವತ್ತೇ ತಿಳಿದುಕೊಳ್ಳಬಹುದಿತ್ತು. ಬೇಕಾಗಿರಲಿಲ್ಲ, ತಿಳಿದುಕೊಳ್ಳಲಿಲ್ಲ.

ಓಟದ ದಿನ ಕಾರ್ಖಾನೆಯ ಲಾರಿಯಲ್ಲಿ ನಮ್ಮನ್ನೆಲ್ಲ ದಂಡೋತಿಗೆ ಒಯ್ದು ಇಳಿಸಿದರು. ಕಾಗಿಣಾ ಹೊಳೆಯ ಕೆಂಪು ನೀರಿನ ಮೇಲೆ ಗಾಳಿ ಗೆರೆ ಎಳೆಯುತ್ತಿತ್ತು. ಒಬ್ಬನ ಟೋಪಿ ಹಾರಿ ಹೊಳೆಗೆ ಬಿತ್ತು, ಎಲ್ಲರೂ ನಕ್ಕರು. ರೈಲ್ವೆ ಹಮಾಲರು, ಚಿತ್ತಾಪುರದ ಹೈಸ್ಕೂಲಿನ ಹುಡುಗರು, ಕ್ಯಾನ್ವಾಸ್ ಬೂಟು ಹಾಕಿದ ಒಬ್ಬ ಪೊಲೀಸ. ಸೀಟಿ ಊದಿದ ಕೂಡಲೇ ಅವರೆಲ್ಲ ಬಿಟ್ಟ ಬಾಣದಂತೆ ಹೋದರು. ನಾವಿಬ್ಬರು ಬರಿಗಾಲಲ್ಲಿ, ಒಬ್ಬರ ಹಿಂದೊಬ್ಬರು, ಹೆಗಲ ಮೇಲೆ ಇಲ್ಲದ ಕಲ್ಲನ್ನು ಹೊತ್ತಂತೆ ಹೊರಟೆವು. ದಾರಿಯ ಬದಿಯಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕಿ ಒಬ್ಬಳು ಕೂಗಿದಳು — "ಏ ಯಪ್ಪಾ, ಅವ್ನ ಬಾಲ ಹಿಡ್ಕೊಂಡ್ ಎಲ್ಲಿಗಿ ಹೊಂಟೀಯೋ?" ಲಾಲಸಾಬ ಓಡುತ್ತಲೇ ನಕ್ಕದ್ದು ಅವನ ಹೆಗಲು ಕುಣಿದದ್ದರಿಂದ ನನಗೆ ಗೊತ್ತಾಯಿತು.

ಮೊದಲು ಮುಂದೆ ಇದ್ದವನು ಅವನು. ಅವನ ಕಾಲು ಭಾರವಾದದ್ದು ಕಂಡಾಗ ಬದ್ಲಿ ಎಂದೆ. ಅದನ್ನು ಸರಿಯಾಗಿ ಎಂದೆ, ಜೋರಾಗಿ, ತಡವಿಲ್ಲದೆ. ಅವನಿಗೆ ಕೇಳಿತು, ಕೂಡಲೇ ಪಕ್ಕಕ್ಕೆ ಸರಿದ. ಇದನ್ನು ನೆನಪಿಟ್ಟುಕೋ ಶಮೀಮಾ — ಅದೇ ದಿನ, ಅದೇ ಗಾಳಿಯಲ್ಲಿ, ಅವನಿಗೆ ಕೇಳಿತ್ತು. ಆಮೇಲೆ ನಾನು ಮುಂದೆ. ಗಾಳಿ ಒಂದು ಕೈಯನ್ನು ನನ್ನ ಎದೆಗಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ಬಾಯಿ ಬಿಟ್ಟರೆ ಉಸಿರು ಒಳಗೆ ಹೋಗದು, ಮಣ್ಣು ಹೋಗುತ್ತದೆ. ಕಣ್ಣು ಮುಚ್ಚಿದರೆ ದಾರಿ ತಪ್ಪುತ್ತದೆ, ಬಿಟ್ಟರೆ ಉರಿಯುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಎರಡು ಹೆಜ್ಜೆಯ ದಾರಿ ಕೂಡ ಸಾಗದು. ಗಾಳಿಗೆ ಬೈದೆ, ಸಾಹೇಬನಿಗೆ ಬೈದೆ, ಓಟಕ್ಕೆ ಒಪ್ಪಿದ ನನ್ನ ಬುದ್ಧಿಗೆ ಬೈದೆ. ನನಗೆ ಸಾಕಾಗುವ ಮೊದಲೇ ಹಿಂದಿನಿಂದ "ಬದ್ಲಿ!" ಕೇಳಿತು. ನನ್ನ ಪಾಳಿ ಇನ್ನೂ ಮುಗಿದಿರಲಿಲ್ಲ. ಅವನು ಬೇಗ ಕೂಗಿದ್ದ. ಮುಂದೆ ಹಾದುಹೋಗುವಾಗ ಅಂದ — "ಉಸಿರ್ ಉಳಸ್ಕೋ. ಗೇಟಿನ್ ಮುಂದ ಬೇಕಾಗ್ತದ."

ಅವನು ನನಗೆ ಗೆಲ್ಲುವ ಉಸಿರನ್ನೂ ಉಳಿಸಿಕೊಡುತ್ತಿದ್ದ, ನೋಡು.

ಚಿತ್ತಾಪುರ ದಾಟುವಾಗ ಮುಂದೆ ಹೋದವರೆಲ್ಲ ಒಬ್ಬೊಬ್ಬರಾಗಿ ಸಿಕ್ಕರು. ಪೊಲೀಸ ಒಂದು ಹೋಟೆಲಿನ ಕಟ್ಟೆಯ ಮೇಲೆ ಬೂಟು ಬಿಚ್ಚಿ ಕುಳಿತಿದ್ದ. ಹುಡುಗರು ನಡೆಯುತ್ತಿದ್ದರು. ಹೋಟೆಲಿನವರು ಹೊರಗೆ ಬಂದು "ಜೋಡಿ ಬಂತು ನೋಡ್ರೋ" ಎಂದು ಚಪ್ಪಾಳೆ ತಟ್ಟಿದರು. ಊರು ಮುಗಿದು ರಸ್ತೆ ರೈಲಿನ ಹಳಿಯ ಕಡೆ ಸೇರಿದಾಗ ಮುಂದೆ ಯಾರೂ ಇರಲಿಲ್ಲ. ಬರೀ ಗಾಳಿ, ಲಾಲಸಾಬ, ಅವನ ಹಿಂದೆ ನಾನು.

ಈಗ ಬರುವುದನ್ನು ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ನಾನು ಯಾರಿಗೂ ಹೇಳಿಲ್ಲ.

ಅವನ ಮೀನಖಂಡ ನಡುಗತೊಡಗಿತು. ಬಲಗಾಲು ಮೊದಲು. ನಾನು ನೋಡಿದೆ. ಇಷ್ಟು ವರ್ಷ ಬೇರೇನನ್ನೂ ನೋಡದೆ ಅದೊಂದನ್ನೇ ನೋಡಲು ಕಲಿತವನು ನಾನು, ನನಗೆ ಕಾಣದೆ ಇರುತ್ತದೆಯೇ. ಬಾಯಿ ತೆರೆದೆ. ಮುಂದೆ ಒಂದು ಮೋರಿ ಕಾಣುತ್ತಿತ್ತು. ಮೋರಿ ದಾಟಲಿ, ಆಮೇಲೆ — ಎಂದುಕೊಂಡೆ. ಮೋರಿ ಬಂತು. ಅದರಾಚೆ ಒಂದು ಬೇವಿನ ಗಿಡ. ಗಿಡದ ತನಕ. ಗಿಡ ಬಂತು. ಆಚೆ ಗಣಿಯ ಒಡಕಲ್ಲಿನ ಗುಡ್ಡೆ. ಅಲ್ಲಿ ಗಾಳಿ ಸ್ವಲ್ಪ ತಗ್ಗಬಹುದು, ಅಲ್ಲಿ ಬದಲಿಸಿದರೆ ನನಗೂ... ಹೀಗೆಯೇ. ನಾನು ಕೂಗುವುದಿಲ್ಲ ಎಂದು ನಿರ್ಧಾರ ಮಾಡಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಪ್ರತಿ ಸಲ ಮುಂದಿನ ಗುರುತಿಗೆ ಕೂಗುತ್ತೇನೆ ಎಂದೇ ಅಂದುಕೊಂಡೆ. ಆದರೆ ಒಡಕಲ್ಲಿನ ಗುಡ್ಡೆ ದಾಟಿದ ಮೇಲೆ ಅದನ್ನೂ ಅಂದುಕೊಳ್ಳಲಿಲ್ಲ. ಅಲ್ಲಿಂದ ಮುಂದೆ ನನಗೆ ಎಲ್ಲ ಸ್ಪಷ್ಟವಾಗಿತ್ತು. ಅವನ ಎರಡೂ ಕಾಲು ನಡುಗುತ್ತಿದ್ದವು, ನನ್ನ ಕಾಲಿನಲ್ಲಿ ಇನ್ನೂ ಓಟ ಇತ್ತು, ಗೇಟು ಹತ್ತಿರ ಬರುತ್ತಿತ್ತು.

ಅವನು ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು. ತಿರುಗಲಿಲ್ಲ. ಹೆಗಲ ಮೇಲೆ ಕಲ್ಲಿಲ್ಲದಿದ್ದರೂ ತಿರುಗಲಿಲ್ಲ. ಬದ್ಲಿ ಕೇಳಲೂ ಇಲ್ಲ. ಹಿಂದೆ ಶರಣಪ್ಪ ಇದ್ದಾನೆ, ಸಮಯ ಬಂದಾಗ ಕೂಗುತ್ತಾನೆ ಎಂದು ತಲೆ ತಗ್ಗಿಸಿ ಆ ಗಾಳಿಯನ್ನೆಲ್ಲ ಒಬ್ಬನೇ ಎದೆಗೆ ತೆಗೆದುಕೊಂಡು ಓಡಿದ. ನಾನು ಅವನ ಬೆನ್ನ ಹಿಂದೆ ಬೆಚ್ಚಗೆ, ಬಾಯಿ ಮುಚ್ಚಿಕೊಂಡು —

ವಾಡಿಯ ರೈಲ್ವೆ ಗೇಟು ದಾಟಿದ ಕೂಡಲೇ ಪಕ್ಕಕ್ಕೆ ಸರಿದು ಅವನನ್ನು ಹಿಂದೆ ಹಾಕಿದೆ. ಮುಖ ನೋಡಲಿಲ್ಲ. ನೋಡಲು ಧೈರ್ಯ ಇರಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು, ಸಾಹೇಬ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಏನೋ ಅಂದ. ಲಾಲಸಾಬನನ್ನು ಗೇಟಿನ ಆಚೆ ಇಬ್ಬರು ದಾಟಿ ಹೋದರು. ಅವನು ಬಂದದ್ದು ನಡೆದುಕೊಂಡು, ಬೇಲಿಯನ್ನು ಹಿಡಿದು ಹಿಡಿದು.

ನಾನು ಕೂಗಿದ್ದರೆ ಅವನೇ ಗೆಲ್ಲುತ್ತಿದ್ದ. ಗೆಲ್ಲುತ್ತಿದ್ದನೋ ಏನೋ ಅಲ್ಲ — ಗೆಲ್ಲುತ್ತಿದ್ದ.

ನೀರಿನ ಕೊಡದ ಹತ್ತಿರ ಅವನು ನನ್ನ ಪಕ್ಕ ಬಂದು ಕುಸಿದ. ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆಯಲಿ ಎಂದು ಕಾದೆ. ಉಸಿರು ಸಿಕ್ಕ ಮೇಲೆ ಅವನು ಕೇಳಿದ್ದು ಇಷ್ಟೇ —

"ಶರಣ್ಯಾ, ನೀ ಒದರಿದ್ಯೇನೋ?"

ಅದರಲ್ಲಿ ಸಿಟ್ಟಿರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ನಾನು ಕೂಗದೆ ಇರಬಹುದು ಎಂಬ ಯೋಚನೆಯೇ ಅವನ ತಲೆಗೆ ಬಂದಿರಲಿಲ್ಲ. ಅಲ್ಲಿಯೇ ಒಂದು ಮಾತಿನಲ್ಲಿ ಎಲ್ಲವನ್ನೂ ಸರಿಮಾಡಬಹುದಿತ್ತು. ಹಾರ ಇನ್ನೂ ಕೊರಳಲ್ಲಿತ್ತು, ಸಾಹೇಬ ಅಲ್ಲಿಯೇ ನಿಂತಿದ್ದ. ನಾನು ಅಂದೆ —

"ಎರಡ್ ಸಲ ಒದರಿದೆ. ನಿಂಗ ಕೇಳ್ಲಿಲ್ಲೇನು?"

ಎರಡು ಸಲ! ಯಾರು ಕೇಳಿದ್ದರು ಎಷ್ಟು ಸಲ ಎಂದು? ಅದೂ ಬೇಸರದ ದನಿಯಲ್ಲಿ, ತಪ್ಪು ಅವನದೇ ಎಂಬಂತೆ. ಓಟದಲ್ಲಿ ಮಾಡಿದ ಮೋಸವನ್ನು ಒಂದು ದಿನ ಯಾರಾದರೂ ಕ್ಷಮಿಸಬಹುದು. ಆ ಬೇಸರದ ದನಿಯನ್ನು ನಾನೇ ಕ್ಷಮಿಸಲಾರೆ.

ಅವನು ತನ್ನ ಕಿವಿಯನ್ನು ಅಂಗೈಯಿಂದ ತಟ್ಟಿಕೊಂಡ. "ಗಾಳ್ಯಾಗ ನಂಗ ಕೇಳೇ ಇಲ್ಲೋ. ತಪ್ಪ್ ನಂದು. ನೀ ಪಾಪ ಒದರ್ಕೋತ ಬಂದಿ," ಎಂದ. ಕೊನೆಗೆ ನನ್ನ ಹಾರ ಸರಿ ಮಾಡಿ, "ಖಾಯಂ ಆದಿ ನೋಡು ಮಗನ," ಎಂದು ನಕ್ಕ.

ನಾನು ಕಾರ್ಖಾನೆ ಸೇರಿದೆ. ಅವನು ಗಣಿಗೆ ಮರಳಿದ. ಮೊದಲ ಪಗಾರದ ನಂತರ ಭಂಕೂರಕ್ಕೆ ಹೋದಾಗ ಲಾರಿಯ ಹತ್ತಿರ ಅವನನ್ನು ಹುಡುಕಿದೆ, ಕಾಣಲಿಲ್ಲ. ಭೀಮಶಾ ದೂರದ ಮೂಲೆಯ ಕಡೆ ಕೈ ಮಾಡಿದ. ಅಲ್ಲಿ ಹೆಂಗಸರು, ಮುದುಕರು ಕುಳಿತು ಒಡಕಲ್ಲನ್ನು ಜಲ್ಲಿ ಮಾಡುತ್ತಾರೆ. ಅವರ ನಡುವೆ ಸುತ್ತಿಗೆ ಹಿಡಿದು ನಿನ್ನ ಅಬ್ಬಾ. ಭೀಮಶಾ ಅಂದ — "ತಾನೇ ಬಂದು ಹೇಳ್ದ. ಗಾಳ್ಯಾಗ ನಂಗ ಬದ್ಲಿ ಕೇಳಂಗಿಲ್ಲ, ಜೋಡ್ಯಾಗ ಹಾಕಬ್ಯಾಡ್ರಿ, ಯಾರ್ದರೆ ಕಾಲ್ ಮುರೀತೀನಿ ಅಂತ. ನಾ ಏನ್ ಮಾಡ್ಲಿ? ಖರೇ ಮನಷ್ಯಾ, ಖರೇ ಹೇಳ್ದ." ಗಣಿಯಲ್ಲಿ ಅವನಷ್ಟು ಹೊರುವವರು ಇರಲಿಲ್ಲ. ಕಲ್ಲು ಹೊರುವವರಿಗೂ ಜಲ್ಲಿ ಒಡೆಯುವವರಿಗೂ ಕೂಲಿಯಲ್ಲಿ ಎಷ್ಟು ಅಂತರ, ಮರ್ಯಾದೆಯಲ್ಲಿ ಎಷ್ಟು ಅಂತರ ಎಂದು ಬೇಕಾದರೆ ನಿನ್ನ ಅಮ್ಮಿಯನ್ನು ಕೇಳು. ನಾನು ತಂದಿದ್ದ ಬಾದುಷಾ ಪುಡಿಕೆಯನ್ನು ಅವನ ಕೈಗಿತ್ತು ಕುಳಿತೆ. ಆಗಲೂ ಹೇಳಲಿಲ್ಲ.

ಓಣಿಯಲ್ಲಿ ಮಾತು ಹಬ್ಬಿತು. ಮೊದಲು ಗಾಳಿಯಲ್ಲಿ ಕೇಳುವುದಿಲ್ಲ ಎಂದಿತ್ತು, ಆಮೇಲೆ ಕೇಳುವುದೇ ಇಲ್ಲ ಎಂದಾಯಿತು. ಜನ ಹತ್ತಿರ ಬಂದು ಕಿವಿಯಲ್ಲಿ ಕೂಗತೊಡಗಿದರು. ಕೂಗಿದರೆ ಯಾರಿಗಾದರೂ ಬೆಚ್ಚುವಂತೆಯೇ ಆಗುತ್ತದೆ, ಅವನು ಬೆಚ್ಚಿ "ಆಂ?" ಎನ್ನುತ್ತಿದ್ದ, ಅವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಅವನ ಕಿವಿಗೆ ಎಲ್ಲ ಕೇಳುತ್ತಿತ್ತು, ಕೇಳಿದ್ದನ್ನು ನಂಬುವ ಧೈರ್ಯ ಮಾತ್ರ ಹೋಗಿತ್ತು. ನಿಮ್ಮ ಮನೆಯಲ್ಲಿ ಯಾವಾಗಲೂ ಜಗಳ ನಡೆದಂತೆ ಸದ್ದು ಎಂದು ನೆರೆಯವರು ತಮಾಷೆ ಮಾಡುತ್ತಾರಲ್ಲ — ಆ ಸದ್ದು ನನ್ನದು, ಶಮೀಮಾ. ನಿನ್ನನ್ನು ತೊಟ್ಟಿಲಲ್ಲಿಟ್ಟು ನಿನ್ನ ಅಮ್ಮಿ ಕೂಗುತ್ತಿದ್ದದ್ದು ನನ್ನಿಂದ. ನೀನು ಮೊದಲ ಸಲ ಅಬ್ಬಾ ಎಂದಾಗ ಕೂಗಿ ಎಂದದ್ದು ನನ್ನಿಂದ.

ಈಗ ನಿಜವಾಗಿ ಕಿವಿ ಕೆಟ್ಟಿರುವುದು ನನಗೆ. ಕಾರ್ಖಾನೆಯ ಸದ್ದಿನಲ್ಲಿ ಅಷ್ಟು ವರ್ಷ ನಿಂತರೆ ಯಾರ ಕಿವಿಯೂ ಮಂದವಾಗುತ್ತದೆ. ಇದನ್ನು ದೇವರ ನ್ಯಾಯ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ನನ್ನ ಕಿವಿ ಹೋದದ್ದರಿಂದ ಅವನಿಗೆ ಏನು ಬಂತು? ಹಿತ್ತಲಿನ ಮಂಚದ ಮೇಲೆ ಇಬ್ಬರೂ ಕುಳಿತಾಗ ಅವನು, "ಗೂಡ್ಸ್ ಗಾಡಿ ಬರ್ಲಿಕತ್ತದ," ಎನ್ನುತ್ತಾನೆ. ನನಗ್ಯಾವ ಸದ್ದೂ ಇಲ್ಲ. ಎಷ್ಟೋ ಹೊತ್ತಿಗೆ ಗಾಡಿ ಬರುತ್ತದೆ. ಪ್ರತಿ ಸಲ ನನಗೆ ಅವನ ಮೇಲೆಯೇ ಸಿಟ್ಟು ಬರುತ್ತದೆ — ಅಯ್ಯೋ ಪುಣ್ಯಾತ್ಮಾ, ಇಷ್ಟು ಕೇಳುತ್ತದಲ್ಲ ನಿನಗೆ, ಒಂದು ಸಲವಾದರೂ ನನ್ನ ಮೇಲೆ ಸಂಶಯ ಪಡಬಾರದೇ! ಒಂದು ಸಲ ಕೊರಳಪಟ್ಟಿ ಹಿಡಿದು ಖರೇ ಹೇಳು ಎನ್ನಬಾರದೇ! ಎಂಥ ನಾಚಿಕೆಗೇಡು ನೋಡು, ಮೋಸ ಮಾಡಿದವನು ನಾನು, ಸಿಟ್ಟೂ ನನಗೇ.

ಒಂದು ಸಲ ಹೇಳಿದ್ದೆ. ಹೇಳಿದೆ ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ನೀನಾಗ ಸಣ್ಣವಳು. ದಂಡೋತಿಯಲ್ಲಿ ಒಂದು ಮದುವೆಗೆ ಹೋಗಿ ಇಬ್ಬರೂ ಹೊಳೆಯ ಹತ್ತಿರ ಬಸ್ಸು ಕಾಯುತ್ತಿದ್ದೆವು. ಅದೇ ಜಾಗ, ಅದೇ ಗಾಳಿ. ಇವತ್ತು ಹೇಳದಿದ್ದರೆ ಇನ್ನಿಲ್ಲ ಎಂದುಕೊಂಡು, ಹೊಳೆಯ ಕಡೆ ಮುಖ ಮಾಡಿ, "ಲಾಲ್ಯಾ, ಅವತ್ತ ನಾ ಒದರೇ ಇರ್ಲಿಲ್ಲ," ಎಂದೆ. ಎಂದದ್ದು ತುಟಿಯೊಳಗೆ. ಮುಖ ಬೇರೆ ಕಡೆ. ಆ ಗಾಳಿಯಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ, ಕೇಳದ ಹಾಗೆಯೇ ನಾನು ಹೇಳಿದ್ದೆ. ಅವನು ಹತ್ತಿರ ಬಂದು, "ಆಂ? ಏನಂದಿ? ಗಾಳಿ ಭಾಳ ಅದ, ಜೋರ್ ಹೇಳು," ಎಂದ. ನಾನು, "ಏನಿಲ್ಲ, ಬಸ್ ಬಂತೇನ್ ನೋಡಂದೆ," ಎಂದೆ. ಬಸ್ಸಿನಲ್ಲಿ ಅವನು ಪಕ್ಕದವರಿಗೆಲ್ಲ ನಗುತ್ತ ಹೇಳಿದ — "ಗಾಳಿ ಬಂದ್ರ ನನ್ ಕಿವಿ ಬಂದ್ ನೋಡ್ರಿ. ಈಗ ನಮ್ ದೋಸ್ತ ಬಾಜೂಕ್ ನಿಂತು ಮಾತಾಡಿದ್ರೂ ಕೇಳ್ಲಿಲ್ಲ." ನನ್ನ ತಪ್ಪೊಪ್ಪಿಗೆ ಅವನ ಕಿವುಡಿಗೆ ಇನ್ನೊಂದು ಸಾಕ್ಷಿ ಆಯಿತು. ಅಂದಿನಿಂದ ಈ ಕಾಗದ ಬರೆಯುವ ತನಕ ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಈಗ ಯಾಕೆ ತೆರೆದೆ ಎಂದು ನೀನು ಕೇಳಬಹುದು. ಕೇಳು. ಸೋಮವಾರ ಗುಲಬರ್ಗಾದಲ್ಲಿ ಡಾಕ್ಟರು ಅವನ ಕಿವಿಗೆ ಬೆಳಕು ಹಾಕಿ ನೋಡುತ್ತಾರೆ, ಏನೂ ಆಗಿಲ್ಲ ಎನ್ನುತ್ತಾರೆ. ಆಗ ನಿನ್ನ ಅಬ್ಬಾ ಬಸ್ಸಿನಲ್ಲಿ ಹಿಂದಿರುಗುತ್ತ ಯೋಚಿಸುತ್ತಾನೆ. ಹಾಗಾದರೆ ಆ ದಿನ — ಎಂದು. ಡಾಕ್ಟರ ಬಾಯಿಂದ ತಿಳಿಯುವ ಮೊದಲು ನನ್ನ ಬಾಯಿಂದ ತಿಳಿದರೆ ನನಗೆ ಅಷ್ಟಾದರೂ ಮಾನ ಉಳಿದೀತು ಎಂಬ ಲೆಕ್ಕ ಇದರಲ್ಲಿ ಇದೆ. ಇದೆ, ಮುಚ್ಚಿಡುವುದಿಲ್ಲ. ಸಿಕ್ಕಿಬೀಳುವ ಹೆದರಿಕೆ ಇಲ್ಲದಿದ್ದರೆ ಈ ಸಲವೂ ಚಹಾ ಕುಡಿದು ಎದ್ದು ಬರುತ್ತಿದ್ದೆನೋ ಏನೋ. ನನಗೆ ನನ್ನ ಬಗ್ಗೆ ಈಗ ಯಾವ ಭರವಸೆಯೂ ಇಲ್ಲ. ಆದರೆ ಚೆನ್ನಾಗಿರುವ ಕಿವಿಗೆ ನಿನ್ನ ದುಡಿಮೆಯ ಮಷೀನು ಹಾಕಿಕೊಂಡು, ನಿನ್ನ ಮನಸ್ಸು ನೋಯದಿರಲಿ ಎಂದು "ಹಾಂ, ಈಗ ಛಲೋ ಕೇಳ್ತದ," ಎಂದು ಅವನು ನಗುವುದನ್ನು ಮಾತ್ರ ನಾನು ನೋಡಲಾರೆ. ಅವನು ಅಂಥವನೇ, ನಿನಗೆ ಗೊತ್ತಲ್ಲ.

ಎದುರಿಗೆ ನಿಂತು ಹೇಳಬೇಕೆಂದು ಈ ವಾರ ಎರಡು ಸಲ ಬಸ್ಸು ಹತ್ತಿದೆ. ಒಮ್ಮೆ ನಿಮ್ಮ ಓಣಿಯ ತಿರುವಿನ ತನಕ ಬಂದೆ. ಅಲ್ಲಿಂದಲೇ ಮರಳಿದೆ. ಅದಕ್ಕೇ ಬರೆದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ; ಮೊದಲು ನೀನು ಓದಿಕೊಂಡು, ಆಮೇಲೆ ಅವನಿಗೆ ಓದಿ ಹೇಳಬೇಕು. ಭಾನುವಾರ ಬೆಳಿಗ್ಗೆ ಇದನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಅವನ ಪಕ್ಕದಲ್ಲಿ ಅದೇ ಮಂಚದ ಮೇಲೆ ಕುಳಿತಿರುತ್ತೇನೆ. ಈ ಸಲ ಕೆಲಸ ಇದೆ ಎಂದು ಏಳುವುದಿಲ್ಲ. ಓದಿ ಮುಗಿದ ಮೇಲೆ ಅವನು ಏನು ಹೇಳಿದರೂ ಕೇಳುತ್ತೇನೆ; ನನ್ನ ಕಿವಿಗೆ ಕೇಳದಿದ್ದರೆ ಜೋರಾಗಿ ಹೇಳು ಎನ್ನುತ್ತೇನೆ. ಹೊರಗೆ ಹೋಗು ಎಂದರೆ ಹೋಗುತ್ತೇನೆ. ಕ್ಷಮಿಸು ಎಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ, ನೋಡಿರಬಹುದು. ಅದನ್ನು ಕೇಳುವ ಹಕ್ಕು ನನಗಿಲ್ಲ. ನೀನೂ ನನ್ನ ಪರವಾಗಿ ಕೇಳಬೇಡ.

ಒಂದೇ ಒಂದು ಮಾತು ನಡೆಸಿಕೊಡು. ಅಬ್ಬಾನ ಎದುರು ಕುಳಿತ ಕೂಡಲೇ ನಿನ್ನ ದನಿ ತಾನಾಗಿ ಏರುತ್ತದೆ. ಭಾನುವಾರ ಏರಿಸಬೇಡ. ಗಾಳಿ ಎಷ್ಟೇ ಇರಲಿ, ಮೆಲ್ಲಗೆ ಓದವ್ವಾ. ಅವನಿಗೆ ಕೇಳುತ್ತದೆ.